ಹಕ್ಕುಗಳ ಬಗ್ಗೆ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ್ದೇನೆ. ಮಗಳು ಏಳನೇ ಕ್ಲಾಸು, ಶಾಲೆಯಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತಾರೆ. ಮನೆಗೆ ಬಂದು ಅರ್ಥ ಕೇಳಿದರೆ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ನಮ್ಮ ಸ್ತ್ರೀಶಕ್ತಿ ಸಂಘದಲ್ಲೂ ಹಕ್ಕುಗಳ ಬಗ್ಗೆ ತಿಳಿದುಕೊಳ್ಳಬೇಕು ಎನ್ನುವವರಿದ್ದಾರೆ. ಇದಕ್ಕೆ ಕಾನೂನು ಪುಸ್ತಕ ಓದಬೇಕಾ?
– ಒಬ್ಬ ಓದುಗರು, ಹಾಸನ ಜಿಲ್ಲೆ

ಉತ್ತರ: ದಪ್ಪ ಪುಸ್ತಕ ಯಾವುದೂ ಬೇಡ. ಸಂವಿಧಾನವನ್ನು ಮೊದಲ ಪುಟದಿಂದ ಓದಲು ಕೂತರೆ ವಾರದೊಳಗೆ ಬೇಜಾರಾಗಿ ಬಿಟ್ಟುಬಿಡುತ್ತೀರಿ. ನೇರವಾಗಿ ಮೂರನೇ ಭಾಗ ತೆಗೆಯಿರಿ. ಮೂಲಭೂತ ಹಕ್ಕುಗಳು ಅಲ್ಲಿವೆ, ಕೆಲವೇ ಪುಟ. ಕನ್ನಡದಲ್ಲೇ ಸಿಗುತ್ತದೆ.

ಅದರಲ್ಲೂ 15ನೇ ವಿಧಿಯಿಂದ ಶುರು ಮಾಡಿ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಜಾಗ ನೋಡಿ ಸರ್ಕಾರ ಭೇದ ಮಾಡಬಾರದು ಎನ್ನುವುದು ಮೊದಲ ಮಾತು. ಎರಡನೆಯದು ಇನ್ನೂ ಹತ್ತಿರದ್ದು. ಇದೇ ಕಾರಣಕ್ಕೆ ಯಾರನ್ನೂ ಅಂಗಡಿಗೆ, ಹೋಟೆಲಿಗೆ ಬರಬೇಡ ಎನ್ನುವಂತಿಲ್ಲ, ಸಾರ್ವಜನಿಕ ಬಾವಿ, ಕೆರೆ, ರಸ್ತೆ ಬಳಸಬೇಡ ಎನ್ನುವಂತಿಲ್ಲ. ಪೀಠಿಕೆಯಲ್ಲಿರುವ ಸಮಾನತೆಗೆ ಮಗಳು ಅರ್ಥ ಕೇಳಿದರೆ ಇದನ್ನೇ ತೋರಿಸಿ. ಸಂಘದಲ್ಲೂ ಒಬ್ಬರು ಗಟ್ಟಿಯಾಗಿ ಓದಲಿ. ಆಮೇಲೆ ನಮ್ಮ ಊರಲ್ಲಿ ಹೀಗಿದೆಯಾ ಅಂತ ಕೇಳಿ. ಕ್ಷೌರದ ಅಂಗಡಿಯಲ್ಲಿ ಎಲ್ಲರಿಗೂ ಕಟಿಂಗ್ ಮಾಡುತ್ತಾರಾ? ಟೀ ಅಂಗಡಿಯಲ್ಲಿ ಎಲ್ಲರಿಗೂ ಒಂದೇ ಲೋಟಾನಾ? ಮಾತು ಬಿಗಿಯಾಗುತ್ತದೆ, ಒಬ್ಬಿಬ್ಬರು ಎದ್ದು ಹೋಗಲೂಬಹುದು. ಆದರೂ ಕೇಳಲೇಬೇಕು. ಹಕ್ಕು ಅಂದರೆ ಪೊಲೀಸರು, ತಹಶೀಲ್ದಾರರ ಹತ್ತಿರ ಕೇಳುವಂಥದ್ದು ಅಂತಷ್ಟೇ ನಮಗೆ ಅಭ್ಯಾಸವಾಗಿಬಿಟ್ಟಿದೆ, ಆದರೆ 15ನೇ ವಿಧಿಯ ಈ ಎರಡನೇ ಮಾತು ಮತ್ತು ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೇ ವಿಧಿ ಅಂಗಡಿಯವರಿಗೂ ಅನ್ವಯಿಸುತ್ತವೆ, ಪಕ್ಕದ ಮನೆಯವರಿಗೂ, ನಿಮಗೂ ನನಗೂ.

ಪೊಲೀಸರ ವಿಷಯಕ್ಕೆ 22ನೇ ವಿಧಿ ನೋಡಿ. ಯಾರನ್ನಾದರೂ ಬಂಧಿಸಿದರೆ ಕಾರಣ ಹೇಳಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಮುಂಜಾಗ್ರತಾ ಬಂಧನಕ್ಕೆ, ಅಂದರೆ ತಪ್ಪು ನಡೆಯುವ ಮೊದಲೇ ತಡೆಯಲು ಮಾಡುವ ಬಂಧನಕ್ಕೆ, ಬೇರೆ ನಿಯಮಗಳಿವೆ, ಸದ್ಯಕ್ಕೆ ಇಷ್ಟು ಸಾಕು.

ಓದುವುದು ಇಷ್ಟೇ. ಉಳಿದದ್ದನ್ನು ಗ್ರಾಮಸಭೆಯಲ್ಲಿ ಕಲಿಯಬೇಕು. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ವಾರ್ಡ್ ಸಭೆ, ಗ್ರಾಮಸಭೆ ಎರಡೂ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಅದರ ಸದಸ್ಯರು, ಯಾರೂ ಮನೆಗೆ ಬಂದು ಕರೆಯಬೇಕಾಗಿಲ್ಲ. ಯಾರಿಗೆ ಮನೆ ಮಂಜೂರಾಗಬೇಕು, ಯಾವ ಬೀದಿಗೆ ಚರಂಡಿ ಆಗಬೇಕು ಎನ್ನುವ ಮಾತು ಬರುವುದು ಅಲ್ಲೇ. ಎಷ್ಟೋ ಕಡೆ ಮುಂದಿನ ಸಾಲಿನ ನಾಲ್ಕು ಜನ ಗಂಡಸರು ಮಾತಾಡುತ್ತಾರೆ, ಹೆಂಗಸರು ಸುಮ್ನೆ ಸಹಿ ಹಾಕಿ ಬರುತ್ತಾರೆ. ನೀವು ಹತ್ತು ಜನ ಒಟ್ಟಿಗೆ ಹೋಗಿ ಮುಂದೆ ಕೂರಿ. ಒಂದೇ ಪ್ರಶ್ನೆ ಸಾಕು, ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಕೇಳಿದ ಮೇಲೆ ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಅಲ್ಲೇ ಓದಿಸಿ. ನನ್ನ ಮಟ್ಟಿಗೆ ಇದು ಭಾಷಣಕ್ಕಿಂತ ದೊಡ್ಡ ಕೆಲಸ, ಬಾಯಿಮಾತಿನ ಭರವಸೆಗೆ ದಾಖಲೆ ಇರುವುದಿಲ್ಲ.

ಕೆಲಸ ಆಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. 2005ರ ಕಾಯ್ದೆ ಇದು. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಬರೆಯಬೇಕು. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮೇಲ್ಮನವಿಗೆ ಅವಕಾಶವಿದೆ.

ಮಕ್ಕಳಿಗೂ ಪಂಚಾಯ್ತಿಗಳು ಪ್ರತ್ಯೇಕ ಗ್ರಾಮಸಭೆ ನಡೆಸುತ್ತವೆ. ದಿನಾಂಕ ವಿಚಾರಿಸಿ ಮಗಳನ್ನು ಕಳುಹಿಸಿ. ಶಾಲೆಯ ಶೌಚಾಲಯಕ್ಕೆ ನೀರು ಯಾಕೆ ಬರುತ್ತಿಲ್ಲ ಅಂತ ಅವಳೇ ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಲಿ. ಏನು ಕೇಳಬೇಕು ಅಂತ ನೀವು ಹೇಳಿಕೊಡಬೇಡಿ, ಮಕ್ಕಳಿಗೆ ತಮ್ಮ ತೊಂದರೆ ಚೆನ್ನಾಗಿ ಗೊತ್ತಿರುತ್ತದೆ.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಊರುಗಳಲ್ಲಿ ಕಾನೂನು ಅರಿವು ಕಾರ್ಯಕ್ರಮ ಮಾಡುವುದೂ ಅವರದೇ ಕೆಲಸ. ಸಂಘದ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಕೊಟ್ಟು, ನಿಮ್ಮ ವಾರದ ಸಭೆಗೆ ಒಬ್ಬ ವಕೀಲರನ್ನು ಕಳುಹಿಸಿ ಅಂತ ಕೇಳಿ.