ಟರ್ಪಾಲು ಬಿಚ್ಚಿ, ಚಪ್ಪರ ಹಾಕಿ

ಪ್ರಶ್ನೆ: ನಮ್ಮ ಮನೆ ಕಾಪು ಹತ್ತಿರ. ಅಂಗಳದಿಂದ ಕಡಲಿಗೆ ಅರ್ಧ ಕಿಲೋಮೀಟರ್ ಇರಬಹುದು. ಒಂದು ಟ್ರಾವೆಲರ್ ವ್ಯಾನನ್ನು ಕ್ಯಾರವಾನ್ ಮಾಡಿಸಿಕೊಂಡಿದ್ದೇವೆ. ಒಳಗೇ ಹಾಸಿಗೆ, ಅಡುಗೆ ಕಟ್ಟೆ, ಫ್ರಿಜ್ ಎಲ್ಲ ಇದೆ. ಮಳೆಗಾಲ ಪೂರ್ತಿ ಗಾಡಿ ಅಂಗಳದಲ್ಲೇ ನಿಲ್ಲುತ್ತದೆ. ಕಳೆದ ವರ್ಷ ದಪ್ಪ ಟರ್ಪಾಲು ಹೊದಿಸಿ ಬಿಗಿಯಾಗಿ ಕಟ್ಟಿದ್ದೆವು. ಜುಲೈಯಲ್ಲಿ ಗಾಳಿಗೆ ಹರಿಯಿತು. ಸೆಪ್ಟೆಂಬರಿನಲ್ಲಿ ಬಾಗಿಲು ತೆಗೆದರೆ ಹಾಸಿಗೆ, ಪರದೆಗೆಲ್ಲ ಬೂಷ್ಟು. ಈ ಸಲ ಎರಡು ಟರ್ಪಾಲು ಹಾಕಿದರೆ ಸಾಕೇ?

ಉತ್ತರ: ಎರಡು ಬಿಡಿ, ಒಂದೂ ಬೇಡ.

ನಾನೂ ಹಿಂದೆ ಇದೇ ತಪ್ಪು ಮಾಡಿದವನು. ನನ್ನ ಹಳೆಯ ವ್ಯಾನಿಗೆ ಟರ್ಪಾಲು ಸುತ್ತಿ ನೆಮ್ಮದಿಯಿಂದ ಮಲಗಿದ್ದೆ. ಮಳೆ ನಿಂತ ಮೇಲೆ ಬಿಚ್ಚಿದರೆ ಮೂಲೆ ಮೂಲೆಯಲ್ಲಿ ಬಣ್ಣವೇ ಇರಲಿಲ್ಲ. ಗಾಳಿಗೆ ಟರ್ಪಾಲು ಪಟಪಟ ಹೊಡೆದುಕೊಳ್ಳುತ್ತದೆ ಅಲ್ವಾ, ಅದರ ಅಡಿಯಲ್ಲಿ ಸಿಕ್ಕಿದ ಮರಳು ಉಪ್ಪುಕಾಗದದ ಕೆಲಸ ಮಾಡಿತ್ತು. ಇನ್ನು ಬೂಷ್ಟು. ನಮ್ಮಲ್ಲಿ ಮಳೆ ಬಿಟ್ಟ ಕೂಡಲೇ ಚುರುಕು ಬಿಸಿಲು ಬರುತ್ತದೆ. ಟರ್ಪಾಲಿನ ಒಳಗಿನ ತೇವ ಹಬೆಯಾಗುತ್ತದೆ, ಹೊರಗೆ ಹೋಗಲು ದಾರಿಯಿಲ್ಲ. ಗಾಡಿ ಇಡ್ಲಿ ಅಟ್ಟದೊಳಗೆ ಕೂತ ಹಾಗೆ. ನಿಮ್ಮ ಹಾಸಿಗೆ ಹಾಳಾಗಿದ್ದು ಟರ್ಪಾಲು ಹರಿದ ಮೇಲೆ ಅಂತ ನೀವು ತಿಳಿದಿದ್ದೀರಿ. ಬಹುಶಃ ಅದಕ್ಕೂ ಮೊದಲೇ ಶುರುವಾಗಿತ್ತು.

ಕಡಲ ತೀರದಲ್ಲಿ ಹಿಂದೆ ಮಳೆಗಾಲಕ್ಕೆ ದೋಣಿ ಎಳೆದು ಇಡುತ್ತಿದ್ದುದನ್ನು ನೆನಪಿಸಿಕೊಳ್ಳಿ. ದೋಣಿಗೆ ಯಾರೂ ಬಿಗಿಯಾಗಿ ಬಟ್ಟೆ ಸುತ್ತುತ್ತಿರಲಿಲ್ಲ. ಮೇಲೆ ಮಡಲಿನ ಚಪ್ಪರ, ಸುತ್ತ ಗಾಳಿಯಾಡಲು ಜಾಗ. ನಿಮ್ಮ ಕ್ಯಾರವಾನಿಗೂ ಅಷ್ಟೇ ಬೇಕು: ತಲೆಯ ಮೇಲೊಂದು ಮಾಡು, ಬದಿಗಳು ತೆರೆದೇ ಇರಲಿ.

ಮನೆ ಎದುರು ಎಲ್ಲರೂ ಹಾಕಿಸುವ ಶೀಟಿನ ಮಾಡೇ ಸಾಕು. ಆದರೆ ಎತ್ತರ ಅಳೆದು ಹೇಳಿ. ಮೇಲಿನ ಎಸಿ, ಸೋಲಾರ್ ಪ್ಯಾನೆಲ್ ಸೇರಿಸಿ ಅಳೆಯಿರಿ, ಅದರ ಮೇಲೆ ಇನ್ನೂ ಒಂದೂವರೆ ಅಡಿ ಬಿಡಿ. ಬದಿ ತೆರೆದ ಮಾಡಿಗೆ ಗಾಳಿ ಅಡಿಯಿಂದ ನುಗ್ಗಿ ಮೇಲಕ್ಕೆ ಎತ್ತುತ್ತದೆ. ಹಾಗಾಗಿ ಕಂಬವನ್ನು ನೆಲದ ಮೇಲೆ ಸುಮ್ನೆ ನಿಲ್ಲಿಸಿದರೆ ಆಗದು, ಗುಂಡಿ ತೆಗೆದು ಕಾಂಕ್ರೀಟಿನಲ್ಲಿ ಹೂಳಬೇಕು. ಶೀಟಿನ ಅಂಚಿನ ಸಾಲಿಗೆ ಸ್ಕ್ರೂ ಜಾಸ್ತಿ ಹಾಕಿಸಿ, ಕೀಳುವುದು ಯಾವಾಗಲೂ ಅಲ್ಲಿಂದಲೇ. ತೆಂಗಿನ ಮರದ ಅಡಿ ಜಾಗ ಬೇಡವೇ ಬೇಡ. ಒಂದು ಕಾಯಿ ಸಾಕು, ಗಾಡಿಯ ಮೇಲಿನ ಗಾಳಿಕಿಂಡಿಯ ಪ್ಲಾಸ್ಟಿಕ್ ಮುಚ್ಚಳ ಪುಡಿ. ಹಗ್ಗವನ್ನೂ ತೆಂಗಿನ ಮರಕ್ಕೆ ಕಟ್ಟಬೇಡಿ, ಮರ ತೂಗುವಾಗ ಗಾಡಿಯನ್ನೂ ಎಳೆಯುತ್ತದೆ.

ಗಾಡಿ ಯಾವ ಕಡೆ ಮುಖ ಮಾಡಿದೆ ಎಂಬುದೂ ಮುಖ್ಯ. ನಮ್ಮ ಮಳೆಗಾಲದ ಗಾಳಿ ಬರುವುದು ಪಡುವಣದಿಂದ, ನೈಋತ್ಯದಿಂದ. ಗಂಟೆಗೆ 60 ಕಿ.ಮೀ. ವೇಗದ ಗಾಳಿ ಒಂದು ಚದರ ಮೀಟರಿಗೆ ಸುಮಾರು 17 ಕೆ.ಜಿ.ಯಷ್ಟು ಒತ್ತುತ್ತದೆ. ನಿಮ್ಮ ಗಾಡಿಯ ಬದಿ 20 ಚದರ ಮೀಟರ್ ಇದೆ ಅಂದುಕೊಳ್ಳಿ, 340 ಕೆ.ಜಿ. ಆಯಿತು. ಮೂತಿ ಬರೀ 6 ಚದರ ಮೀಟರ್, ನೂರು ಕೆ.ಜಿ. ಚಿಲ್ಲರೆ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಸವರಿ ಹೋದದ್ದು ನಿಮಗೆ ನೆನಪಿರಬಹುದು. ಅಂಥ ಗಾಳಿಗೆ ಅಗಲದ ಬದಿ ಕೊಡುವುದು ಯಾಕೆ? ಮೂತಿಯನ್ನು ಕಡಲ ಕಡೆಗೆ ಮಾಡಿ ನಿಲ್ಲಿಸಿ. ಜೋರು ಗಾಳಿಗೆ ಗಾಡಿ ಮಗುಚದಿದ್ದರೂ ಬದಿಗೆ ಸುತ್ತಿಟ್ಟ ನೆರಳಿನ ಬಟ್ಟೆ ಬಿಚ್ಚಿಕೊಳ್ಳಬಹುದು. ಅದನ್ನು ಒಣಗಿಸಿ ಸುತ್ತಿ, ಪಟ್ಟಿಯಿಂದ ಕಟ್ಟಿಬಿಡಿ.

ಮೇ ತಿಂಗಳಲ್ಲೇ ಏಣಿ ಹಾಕಿ ಮೇಲೆ ನೋಡಿ. ಎಸಿ, ಗಾಳಿಕಿಂಡಿ, ಸೋಲಾರ್ ವಯರು ಒಳಗೆ ಹೋಗುವ ತೂತು, ನೀರು ಸೋರುವುದು ಇಂಥ ಕಡೆಗಳಲ್ಲೇ. ಬಿರುಕು ಬಿಟ್ಟ ಅಂಟನ್ನು ಕೆರೆದು ತೆಗೆದು, ಒಣಗಿದ ಮೇಲೆ ಪಾಲಿಯುರೆಥೇನ್ ಸೀಲೆಂಟ್ ಹಚ್ಚಿಸಿ. ಬಚ್ಚಲಿಗೆ ಬಳಸುವ ಸಿಲಿಕಾನ್ ಬೇಡ. ಮುಂದಿನ ಸಲ ರಿಪೇರಿ ಮಾಡುವಾಗ ಅದರ ಮೇಲೆ ಬೇರೆ ಯಾವ ಅಂಟೂ ಸರಿಯಾಗಿ ಕೂರುವುದಿಲ್ಲ.

ಉಪ್ಪುಗಾಳಿಗೆ ಮದ್ದು ಒಂದೇ, ಸಿಹಿನೀರು. ಗಾಡಿ ನಿಲ್ಲಿಸುವ ಮೊದಲು ಅಡಿಭಾಗವನ್ನು ಚೆನ್ನಾಗಿ ತೊಳೆಸಿ, ಪೂರ್ತಿ ಒಣಗಿದ ಮೇಲೆ ತುಕ್ಕು ತಡೆಯುವ ಕೋಟಿಂಗ್ ಹೊಡೆಸಿ. ಒದ್ದೆ ಲೋಹದ ಮೇಲೆ ಹೊಡೆದರೆ ಉಪ್ಪನ್ನು ಒಳಗಿಟ್ಟು ಬೀಗ ಹಾಕಿದಂತೆ. ಮಾಡು ಹಾಕಿದ ಮೇಲೆ ಮಳೆ ನೀರು ಗಾಡಿಯನ್ನು ತೊಳೆಯುವುದಿಲ್ಲ, ಹಾಗಾಗಿ ಹದಿನೈದು ದಿನಕ್ಕೊಮ್ಮೆ ಪೈಪಿನಲ್ಲಿ ನೀವೇ ನೀರು ಬಿಡಿ.

ಒಳಗಡೆ ಹಾಸಿಗೆ, ಪರದೆ ಎಲ್ಲ ಮನೆಗೆ ತಂದುಬಿಡಿ. ಫ್ರಿಜ್ಜಿನ ಬಾಗಿಲಿಗೆ ಏನಾದರೂ ಅಡ್ಡ ಕೊಟ್ಟು ತೆರೆದೇ ಇಡಿ. ನೀರಿನ ಟ್ಯಾಂಕ್ ಖಾಲಿ ಮಾಡಿ, ಗ್ಯಾಸ್ ಸಿಲಿಂಡರ್ ಹೊರಗೆ ತೆಗೆಯಿರಿ. ಬಿಸಿಲು ಕಂಡ ದಿನ ಬಾಗಿಲು, ಕಿಟಕಿ ತೆರೆಯಿರಿ. ಆಟಿ ತಿಂಗಳಲ್ಲಿ ಬಿಸಿಲು ಎಲ್ಲಿ ಮಾರಾಯ್ರೆ ಅಂತೀರಾ? ಹಾಗಾದರೆ ನಮ್ಮ ಅಮ್ಮಂದಿರ ಉಪಾಯ ಇದೆ. ಬೀರುವಿನಲ್ಲಿ ರೇಷ್ಮೆ ಸೀರೆಗೆ ಬೂಷ್ಟು ಬಾರದಿರಲು ಅವರು ಹಳೆಯ 40 ವ್ಯಾಟಿನ ಬಲ್ಬು ಉರಿಸುತ್ತಿದ್ದರು. ಒಳಗೆ ಗಾಳಿ ಸ್ವಲ್ಪ ಬೆಚ್ಚಗಾದರೂ ತೇವ ಗೋಡೆಯ ಮೇಲೆ ಕೂರುವುದಿಲ್ಲ. ಎಲ್ಇಡಿ ಬಲ್ಬು ಅಷ್ಟು ಬಿಸಿಯಾಗುವುದಿಲ್ಲ, ಅದರಿಂದ ಪ್ರಯೋಜನವಿಲ್ಲ. ಆದರೆ ಬಟ್ಟೆ, ಪ್ಲೈವುಡ್ ಹತ್ತಿರ ಉರಿಸಬೇಡಿ, ಮನೆಯಲ್ಲಿ ಯಾರೂ ಇಲ್ಲದಾಗಲಂತೂ ಬೇಡವೇ ಬೇಡ. ತೇವ ಹೀರುವ ಡಬ್ಬಿಗಳು ಕಿಟಕಿ ಮುಚ್ಚಿದ್ದರೆ ಮಾತ್ರ ಉಪಯೋಗ. ತೆರೆದಿದ್ದರೆ ಅವು ಇಡೀ ಕಾಪುವಿನ ತೇವ ಹೀರಲು ಹೊರಡುತ್ತವೆ.

ಪ್ರಶ್ನೆ: ಮೂರು ತಿಂಗಳ ನಂತರ ಕ್ಯಾರವಾನ್ ತೆಗೆಯಲು ಹೋದರೆ ಬ್ಯಾಟರಿ ಸತ್ತಿತ್ತು. ಹೇಗೋ ಸ್ಟಾರ್ಟ್ ಮಾಡಿದರೆ ಗಾಡಿ ಮುಂದೆ ಹೋಗಲೇ ಇಲ್ಲ, ಹಿಂದಿನ ಚಕ್ರ ಜಾಮ್. ಇದು ಮೆಕ್ಯಾನಿಕ್ ತಪ್ಪೇ? (ಮಣಿಪಾಲದ ಓದುಗರು)

ಉತ್ತರ: ಮೆಕ್ಯಾನಿಕ್ ಪಾಪ, ಬಿಡಿ. ನೀವು ಹ್ಯಾಂಡ್‌ಬ್ರೇಕ್ ಎಳೆದು ಹೋಗಿದ್ದಿರಿ. ತೇವಕ್ಕೆ ಬ್ರೇಕ್ ಶೂ ಡ್ರಮ್ಮಿಗೆ ತುಕ್ಕಿನಲ್ಲಿ ಅಂಟಿಕೊಂಡಿದೆ. ಮುಂದಿನ ಸಲ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಗಳ ಹಿಂದೆ ಮುಂದೆ ಮರದ ತುಂಡು ಕೊಡಿ, ಹ್ಯಾಂಡ್‌ಬ್ರೇಕ್ ಬಿಡಿ. ತಿಂಗಳಿಗೊಮ್ಮೆ ಗಾಡಿಯನ್ನು ಒಂದಡಿ ಆಚೀಚೆ ಸರಿಸಿದರೆ ಟಯರಿನ ಒಂದೇ ಜಾಗಕ್ಕೆ ಭಾರ ಬೀಳುವುದಿಲ್ಲ. ಬ್ಯಾಟರಿಯ ನೆಗೆಟಿವ್ ವಯರು ಕಳಚಿಡಿ. ಮಾಡಿನ ಅಡಿ ಸೋಲಾರ್ ಪ್ಯಾನೆಲ್ ಏನೂ ಚಾರ್ಜ್ ಮಾಡದು, ಆದ್ದರಿಂದ ತಿಂಗಳಿಗೊಮ್ಮೆ ಚಾರ್ಜರಿಗೆ ಹಾಕಿ. ವಯರು ಅಂದಾಗ ನೆನಪಾಯಿತು, ಬಾನೆಟ್ಟಿನ ಒಳಗೂ ಒಮ್ಮೆ ಇಣುಕಿ. ಮಳೆಗಾಲದಲ್ಲಿ ಇಲಿಗಳಿಗೂ ಒಣ ಜಾಗ ಬೇಕು.

ಪ್ರಶ್ನೆ: ಗಾಳಿಗೆ ಮರ ಬಿದ್ದರೆ ವಿಮೆ ಸಿಗುತ್ತದೆಯೇ? (ಸುರತ್ಕಲ್‌ನಿಂದ)

ಉತ್ತರ: ಬರೀ ಥರ್ಡ್ ಪಾರ್ಟಿ ಇದ್ದರೆ ಇಲ್ಲ. ಸ್ವಂತ ಗಾಡಿಯ ಹಾನಿಯೂ ಸೇರಿದ ಪಾಲಿಸಿ ಇದ್ದರೆ ಬಿರುಗಾಳಿ, ಚಂಡಮಾರುತ, ನೆರೆ ಎಲ್ಲ ಅದರಲ್ಲಿ ಬರುತ್ತದೆ. ಆದರೆ ಕ್ಯಾರವಾನ್ ಮಾಡಿಸಿದ್ದು ಆರ್‌ಸಿಯಲ್ಲಿ, ಪಾಲಿಸಿಯಲ್ಲಿ ಎರಡರಲ್ಲೂ ದಾಖಲಾಗಿದೆಯೇ ಅಂತ ಇವತ್ತೇ ನೋಡಿ. ಮರ ಬಿದ್ದ ಮೇಲೆ ಕೊಂಬೆ ಕಡಿಯುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ, ಕಂಪನಿಗೆ ಫೋನ್ ಮಾಡಿ. ಗಾಡಿಯ ಸುತ್ತ ನೀರು ನಿಂತಿದ್ದರೆ ಮಾತ್ರ ಏನೇ ಆದರೂ ಸ್ಟಾರ್ಟ್ ಮಾಡಿ ನೋಡಬೇಡಿ. ಇಂಜಿನ್ ನೀರು ಕುಡಿದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ನೀವೇ ಸ್ಟಾರ್ಟ್ ಮಾಡಿ ಹಾಳಾದ ಇಂಜಿನ್ನಿಗೆ ಹಣ ಕೊಡಲು ಕಂಪನಿಯವರು ತಕರಾರು ತೆಗೆಯುತ್ತಾರೆ.