ಬಸಿಗಾಲುವೆ ಮೇಲೆ ರಸ್ತೆ ಬಂದರೆ ಆಕ್ಷೇಪಣೆ ಹೇಗೆ ಬರೆಯುವುದು?

ಪ್ರಶ್ನೆ: ನಮ್ಮದು ದಾವಣಗೆರೆ ಹೊರವಲಯದ ಹಳ್ಳಿ. ಭದ್ರಾ ನಾಲೆ ನೀರಲ್ಲಿ ಭತ್ತ ಬೆಳೆಯುತ್ತೇವೆ. ಊರು ಬೆಳೆಯುವುದಕ್ಕೆ ಮಾಡಿರುವ ಕರಡು ಮಹಾಯೋಜನೆಯ ನಕ್ಷೆಯಲ್ಲಿ ಗದ್ದೆಯ ಹೆಚ್ಚಿನ ನೀರು ಬಸಿದು ಹೋಗುವ ನಮ್ಮ ಬಸಿಗಾಲುವೆ ಮೇಲೆಯೇ ರಸ್ತೆ ಎಳೆದಿದ್ದಾರೆ. ಊರಲ್ಲಿ ಒಂದೇ ಅರ್ಜಿ ಜೆರಾಕ್ಸ್ ಮಾಡಿಸಿ ಎಲ್ಲರ ಸಹಿ ಹಾಕಿಸುತ್ತಿದ್ದಾರೆ. ಅದರಲ್ಲಿ ಸಹಿ ಹಾಕಿದರೆ ಸಾಕಾ? ನಾನು ಓದಿದ್ದು ಏಳನೇ ಕ್ಲಾಸು.

ಉತ್ತರ: ಸಹಿ ಹಾಕಿ, ತಪ್ಪೇನಿಲ್ಲ. ಆದರೆ ಅಷ್ಟಕ್ಕೇ ಬಿಡಬೇಡಿ. ಇನ್ನೂರು ಜನ ಒಂದೇ ಮಾತು ಬರೆದರೆ ಕಚೇರಿಯಲ್ಲಿ ಅದನ್ನು ಒಂದೇ ಆಕ್ಷೇಪಣೆ ಎಂದು ಕಟ್ಟು ಕಟ್ಟಿ, ಒಂದೇ ಸಾಲಿನ ಉತ್ತರ ಬರೆಯುವುದು ಸುಲಭ. ನಿಮ್ಮ ಗದ್ದೆಯ ನೀರು ಯಾವ ಕಡೆ ಇಳಿಯುತ್ತದೆ ಅಂತ ನಕ್ಷೆ ಬರೆದವರಿಗೆ ಗೊತ್ತಿಲ್ಲ. ಗೊತ್ತಿರುವುದು ನಿಮಗೆ. ಅದನ್ನು ನೀವೇ ಹೇಳಬೇಕು.

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 13ನೇ ಕಲಂ ಪ್ರಕಾರ ಕರಡು ಪ್ರಕಟವಾದ 60 ದಿನದೊಳಗೆ ಯಾರು ಬೇಕಾದರೂ ಲಿಖಿತವಾಗಿ ಅಭಿಪ್ರಾಯ ಕೊಡಬಹುದು. ದಿನ ಎಣಿಸುವುದು ಪ್ರಕಟಣೆಯ ತಾರೀಖಿನಿಂದ, ನೀವು ನೋಡಿದ ದಿನದಿಂದ ಅಲ್ಲ. ಎಷ್ಟೋ ಜನ ಎಡವುವುದು ಇಲ್ಲೇ. ಕನ್ನಡದಲ್ಲೇ ಬರೆಯಿರಿ, ವಕೀಲರ ಭಾಷೆ ಬೇಡ.

ಮೊದಲು ಜಾಗ ಖಚಿತ ಮಾಡಿಕೊಳ್ಳಿ. ಬಸಿಗಾಲುವೆ ಬದುವಿನ ಮೇಲೆ ನಿಂತು ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ಸರ್ವೆ ನಂಬರ್ ತೋರಿಸುತ್ತದೆ. ಅದನ್ನು ಪಹಣಿ ಮತ್ತು ಗ್ರಾಮ ನಕ್ಷೆ ಜೊತೆ ತಾಳೆ ನೋಡಿ. ಆಮೇಲೆ ಹೀಗೆ ಬರೆಯಿರಿ: "ಈ ಸರ್ವೆ ನಂಬರಿನ ಪೂರ್ವಕ್ಕೆ ಬಸಿಗಾಲುವೆ ಇದೆ. ಮೇಲಿನ ಗದ್ದೆಗಳ ನೀರೆಲ್ಲ ಇದರಲ್ಲೇ ಇಳಿಯುತ್ತದೆ. ಮುಚ್ಚಿದರೆ ನೀರು ನಿಂತು ಪೈರು ಕೊಳೆಯುತ್ತದೆ. ಗ್ರಾಮ ನಕ್ಷೆಯಲ್ಲಿ ಪಕ್ಕದಲ್ಲೇ ಬಂಡಿದಾರಿ ಇದೆ, ರಸ್ತೆಯನ್ನು ಅಲ್ಲಿಗೆ ಸರಿಸಿ." ಕೊನೆಯ ಸಾಲು ತುಂಬಾ ಮುಖ್ಯ. ಸುಮ್ನೆ "ಬೇಡ" ಎನ್ನುವ ಅರ್ಜಿಗಿಂತ "ಹೀಗೆ ಮಾಡಿ" ಎನ್ನುವ ಅರ್ಜಿಗೆ ಬೆಲೆ ಜಾಸ್ತಿ. ಬಂಡಿದಾರಿ ನಿಜಕ್ಕೂ ಇದ್ದರೆ ಮಾತ್ರ ಬರೆಯಿರಿ, ಒಂದು ಸುಳ್ಳು ಸೇರಿದರೆ ಉಳಿದ ನಿಜಕ್ಕೂ ಏಟು.

ಮಳೆಗಾಲದಲ್ಲಿ ಕಾಲುವೆ ತುಂಬಿ ಹರಿದ ಫೋಟೊ ಯಾರ ಮೊಬೈಲ್‌ನಲ್ಲಾದರೂ ಇದ್ದೇ ಇರುತ್ತದೆ, ಅಲ್ವಾ? ತಾರೀಖಿನ ಸಮೇತ ಪ್ರಿಂಟ್ ತೆಗೆಸಿ ಅಂಟಿಸಿ. ಎರಡು ಪುಟ ಸಾಕು.

ಕರಡು ಪ್ರಕಟಿಸಿದ ಯೋಜನಾ ಪ್ರಾಧಿಕಾರದ ಕಚೇರಿಗೆ ಎರಡು ಪ್ರತಿ ಒಯ್ಯಿರಿ. ಒಂದು ಕೊಟ್ಟು, ಇನ್ನೊಂದರ ಮೇಲೆ ತಾರೀಖಿನ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಸರ್ಕಾರದ ಬೇರೆ ಕರಡು ನಿಯಮಗಳಿಗೂ ಇದೇ ದಾರಿ, ಗಡುವು ಮಾತ್ರ ಬೇರೆ. ಕೇಂದ್ರದ ಕರಡು ಕಾನೂನುಗಳಿಗೆ ಕನಿಷ್ಠ 30 ದಿನ ಕೊಡಬೇಕು ಎಂದು 2014ರ ನೀತಿ ಹೇಳುತ್ತದೆ.

ಕೆಲವು ತಿಂಗಳಾದರೂ ಸುದ್ದಿ ಇಲ್ಲದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ: ನನ್ನ ಆಕ್ಷೇಪಣೆ ಮೇಲೆ ಏನು ತೀರ್ಮಾನವಾಯಿತು, ಆ ಟಿಪ್ಪಣಿಯ ಪ್ರತಿ ಕೊಡಿ. ಆ ಅರ್ಜಿ ಜೊತೆ ಸೀಲು ಬಿದ್ದ ನಿಮ್ಮ ಪ್ರತಿಯ ಜೆರಾಕ್ಸ್ ಇಡಿ, ಮೂಲ ಪ್ರತಿ ಮನೆಯಲ್ಲೇ ಇರಲಿ.