ಒಬ್ಬರ ಬಿಪಿ ನಾಲ್ಕು ಸಲ ಅಳೆದರೆ ನಾಲ್ಕು ಜನ ಆಗುವುದಿಲ್ಲ

ನೀವು ಕೇಳಿರುವುದು ಇಷ್ಟು: ಕಮ್ಯುನಿಟಿ ಮೆಡಿಸಿನ್ ಪಿಜಿ ಥೀಸಿಸ್‌ಗಾಗಿ 6 ಪಿಎಚ್‌ಸಿಗಳಲ್ಲಿ ಪ್ರತಿ ಪೇಷೆಂಟ್‌ನ ಬಿಪಿ ನಾಲ್ಕು ಸಲ ಅಳೆದಿದ್ದೀರಿ. ಎರಡು ಸರಾಸರಿಗಳನ್ನು ಹೋಲಿಸುವ ಟಿ-ಟೆಸ್ಟ್ ನಡೆಯಲ್ಲ ಅಂದರು ಗೈಡ್. ಒಬ್ಬರಿಂದಲೇ ಹಲವು ಸಲ ತೆಗೆದ ಅಳತೆಗಳಿಗೆ ಎರಡು ವಿಧಾನ ಇವೆ; ಈಗ ಮಿಕ್ಸೆಡ್ ಮಾಡೆಲ್ ಕಲಿಯೋದಾ, ಜಿಇಇ ಕಲಿಯೋದಾ?

ಥೀಸಿಸ್‌ಗಳ ಲೆಕ್ಕ ನೋಡುವುದೇ ನನ್ನ ಕೆಲಸ, ಹಾಗಾಗಿ ಈ ಪ್ರಶ್ನೆ ಹೊಸದಲ್ಲ. ಮೊದಲು ಎರಡನ್ನೂ ಪಕ್ಕಕ್ಕಿಡಿ. ನಿಮ್ಮ ಡೇಟಾವನ್ನೂ ಸದ್ಯ ಮುಟ್ಟಬೇಡಿ. ಆರ್ (R) ಎಂಬ ಲೆಕ್ಕದ ಸಾಫ್ಟ್‌ವೇರ್ ಹಾಕಿಕೊಂಡು, ಅದರ ಎಲ್‌ಎಂಇ4 (lme4) ಪ್ಯಾಕೇಜ್‌ನಲ್ಲಿ ಇರುವ ಸ್ಲೀಪ್‌ಸ್ಟಡಿ ಡೇಟಾ ತೆರೆಯಿರಿ. 18 ಜನ, ತಲಾ 10 ದಿನ, ಒಟ್ಟು 180 ಸಾಲು. ರಾತ್ರಿ ನಿದ್ದೆ ಮೂರೇ ಗಂಟೆಗೆ ಇಳಿಸಿದಾಗ ಪ್ರತಿಕ್ರಿಯೆ ಎಷ್ಟು ನಿಧಾನವಾಗುತ್ತೆ ಅಂತ ಅಳೆದದ್ದು. ಒಬ್ಬೊಬ್ಬರಿಗೆ ಒಂದೊಂದು ಗೆರೆ ಎಳೆದು ನೋಡಿ. ಹೆಚ್ಚಿನವರು ದಿನದಿಂದ ದಿನಕ್ಕೆ ನಿಧಾನವಾಗುತ್ತಾರೆ. 335ನೇ ನಂಬರಿನವರು ಮಾತ್ರ ಇನ್ನೂ ಚುರುಕಾಗುತ್ತಾ ಹೋಗಿದ್ದಾರೆ! ಇಂಥವರು ಎಲ್ಲ ಡೇಟಾದಲ್ಲೂ ಒಬ್ಬರಾದರೂ ಇರುತ್ತಾರೆ.

ಈಗ ಅದೇ ಡೇಟಾಕ್ಕೆ ಮೂರು ಮಾಡೆಲ್ ಹಾಕಿ. ದಿನಕ್ಕೆ ಸುಮಾರು 10.47 ಮಿಲಿಸೆಕೆಂಡ್ ನಿಧಾನ ಅನ್ನುವ ಉತ್ತರ ಮೂರರಲ್ಲೂ ಒಂದೇ. ಬದಲಾಗುವುದು ಸ್ಟ್ಯಾಂಡರ್ಡ್ ಎರರ್, ಅಂದರೆ ಆ ಉತ್ತರ ಎಷ್ಟು ಅನಿಶ್ಚಿತ ಎಂಬ ಅಳತೆ. 180 ಸಾಲೂ ಬೇರೆ ಬೇರೆ ಜನ ಅಂದುಕೊಳ್ಳುವ ಮಾಮೂಲಿ ರಿಗ್ರೆಶನ್‌ನಲ್ಲಿ 1.24. ಪ್ರತಿಯೊಬ್ಬರ ಆರಂಭದ ಮಟ್ಟ ಬೇರೆ ಎಂದು ಒಪ್ಪಿದರೆ 0.80ಕ್ಕೆ ಇಳಿಯುತ್ತೆ. ನಿಧಾನವಾಗುವ ವೇಗವೂ ಒಬ್ಬೊಬ್ಬರದು ಒಂದೊಂದು ಎಂದರೆ 1.55ಕ್ಕೆ ಏರುತ್ತೆ. ಈ ಕೊನೆಯ ಎರಡೂ ಮಿಕ್ಸೆಡ್ ಮಾಡೆಲ್‌ಗಳೇ.

ಇಲ್ಲಿ ಸ್ವಲ್ಪ ನಿಲ್ಲಿ. ಒಬ್ಬರದೇ ಅಳತೆಗಳ ನಡುವಿನ ಪರಸ್ಪರ ಸಂಬಂಧ ಮರೆತರೆ ಎರರ್ ಯಾವಾಗಲೂ ಚಿಕ್ಕದಾಗಿ ಕಾಣುತ್ತೆ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಅದು ಅರ್ಧ ಸತ್ಯ. ಎರಡನೇ ಮಾಡೆಲ್‌ನಲ್ಲಿ ಜನರ ನಡುವಿನ ವ್ಯತ್ಯಾಸ ಬದಿಗೆ ಸರಿಯಿತು, ಒಬ್ಬರನ್ನು ಅವರಿಗೇ ಹೋಲಿಸಿದೆವು, ಅದಕ್ಕೆ ಎರರ್ ಇಳಿಯಿತು. ಮೂರನೆಯದರಲ್ಲಿ ವೇಗದ ಬಗ್ಗೆ ಮಾಹಿತಿ ಕೊಡುವವರು 18 ಜನ ಮಾತ್ರ ಎಂಬುದು ಲೆಕ್ಕಕ್ಕೆ ಬಂತು, ಏರಿತು. ಈ ಡೇಟಾಕ್ಕೆ ನಾನು ನಂಬುವುದು ಮೂರನೆಯದನ್ನೇ.

ಹೋಲಿಕೆ ಗುಂಪುಗಳ ನಡುವೆ ಇದ್ದರೆ ಕಥೆಯೇ ಬೇರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಒಂದು ಕ್ಲಸ್ಟರ್‌ನಿಂದ, ಅಂದರೆ ಒಂದು ಊರು ಅಥವಾ ಬಡಾವಣೆಯಂಥ ಗುಂಪಿನಿಂದ, 22 ಮನೆ ಆರಿಸುತ್ತಿದ್ದರು. ಒಂದೇ ಊರಿನ ಮನೆಗಳು ಒಂದನ್ನೊಂದು ಎಷ್ಟು ಹೋಲುತ್ತವೆ ಎಂಬ ಅಳತೆ, ಅಂದರೆ ಐಸಿಸಿ, ಬರೀ 0.05 ಎಂದುಕೊಳ್ಳಿ. ಮಾಹಿತಿ ಎಷ್ಟು ಪಟ್ಟು ಕುಗ್ಗುತ್ತೆ ಎಂದು ಹೇಳುವ ಡಿಸೈನ್ ಎಫೆಕ್ಟ್ 1 + 21 × 0.05, ಅಂದರೆ 2.05. ಹೀಗೆ ಆರಿಸಿದ 1,100 ಮನೆ ಸುಮಾರು 537 ಮನೆಯಷ್ಟೇ ಮಾಹಿತಿ ಕೊಡುತ್ತೆ.

ಇನ್ನು ನಿಮ್ಮ ಮೂಲ ಪ್ರಶ್ನೆ. ಲೇರ್ಡ್ ಮತ್ತು ವೇರ್ 1982ರಲ್ಲಿ ಮಿಕ್ಸೆಡ್ ಮಾಡೆಲ್‌ಗೆ ದಾರಿ ಮಾಡಿದರು, ಲಿಯಾಂಗ್ ಮತ್ತು ಝೀಗರ್ 1986ರಲ್ಲಿ ಜಿಇಇ ತಂದರು. ಬಿಪಿಯಂಥ ಸಂಖ್ಯೆಗೆ ಎರಡರ ಉತ್ತರವೂ ಹತ್ತಿರವೇ ಬರುತ್ತೆ. ಕಂಟ್ರೋಲ್‌ನಲ್ಲಿದೆಯೋ ಇಲ್ಲವೋ ಅನ್ನುವ ಹೌದು-ಅಲ್ಲ ಉತ್ತರವಾದರೆ ಹಾಗಲ್ಲ: ಜಿಇಇ ಇಡೀ ಸಮುದಾಯದ ಸರಾಸರಿ ಹೇಳುತ್ತೆ, ಮಿಕ್ಸೆಡ್ ಮಾಡೆಲ್ ಒಬ್ಬ ವ್ಯಕ್ತಿಯ ಮಟ್ಟದ್ದು. ಆಡ್ಸ್ ರೇಶಿಯೋಗಳೂ (ಎರಡು ಗುಂಪಿನ ಸಾಧ್ಯತೆಗಳನ್ನು ಹೋಲಿಸುವ ಅನುಪಾತ) ಬೇರೆಯಾಗುತ್ತವೆ.

ನಿಮಗೆ ನಾನು ಹೇಳುವುದು ಮಿಕ್ಸೆಡ್ ಮಾಡೆಲ್. ಮೂರನೇ, ನಾಲ್ಕನೇ ವಿಸಿಟ್‌ಗೆ ಬಾರದವರು ಇದ್ದೇ ಇರುತ್ತಾರೆ, ಸಾದಾ ಜಿಇಇಗಿಂತ ಇದು ಅದನ್ನು ಚೆನ್ನಾಗಿ ತಾಳಿಕೊಳ್ಳುತ್ತೆ. ಎಕ್ಸೆಲ್ ಶೀಟನ್ನು ಒಂದು ಭೇಟಿಗೆ ಒಂದು ಸಾಲು ಬರುವಂತೆ ಉದ್ದಕ್ಕೆ ತಿರುಗಿಸಿ. ಪೇಷೆಂಟನ್ನು ರ್ಯಾಂಡಮ್ ಎಫೆಕ್ಟ್ ಆಗಿ ಇಡಿ, ಅಂದರೆ ಪ್ರತಿಯೊಬ್ಬರ ಮಟ್ಟ ಬೇರೆ ಎಂದು ಮಾಡೆಲ್‌ಗೆ ಹೇಳಿ. ಪಿಎಚ್‌ಸಿ ಆರೇ ಇರುವುದರಿಂದ ಅದನ್ನು ಫಿಕ್ಸೆಡ್ ಎಫೆಕ್ಟ್ ಆಗಿ, ಅಂದರೆ ಪ್ರತಿಯೊಂದನ್ನೂ ಪ್ರತ್ಯೇಕ ವರ್ಗವಾಗಿ, ಸೇರಿಸಿದರೆ ಸಾಕು.

ಒಂದು ವೇಳೆ ಮೂರು ಪಿಎಚ್‌ಸಿಗೆ ಹೊಸ ಕಾರ್ಯಕ್ರಮ, ಮೂರಕ್ಕೆ ಇಲ್ಲ ಅಂತ ಮಾಡಿದ್ದರೆ ಈ ಸಲಹೆ ನಡೆಯಲ್ಲ. ಆಗ ನಿಮ್ಮ ಹತ್ತಿರ ಇರುವುದು ಆರೇ ಘಟಕ, ಪೇಷೆಂಟ್ ಎಷ್ಟೇ ಜಾಸ್ತಿ ಇರಲಿ. ಯಾವ ಸಾಫ್ಟ್‌ವೇರೂ ಅದನ್ನು ಏಳು ಮಾಡಲ್ಲ. ಹೀಗಿದ್ದರೆ ವಿಶ್ಲೇಷಣೆಗೆ ಮುಂಚೆಯೇ ಗೈಡ್ ಹತ್ತಿರ ಕೂತು ಮಾತಾಡಿ.